ಕುಂಕುಮ ಮೆತ್ತಿದ ರೂಪಾಯಿಗಳು

ಹೆಲ್ಮಂಡ್‌ನ ಆ ಮನೆಗೆ ನನ್ನನ್ನು ಕಳಿಸಿದ್ದು ತುಕ್ಕು ನೋಡಿ ಬರಲಿಕ್ಕೆ.

ನಾನು ಕೆಲಸ ಮಾಡುವ ಮೌಲ್ಯಮಾಪನದ ಕಚೇರಿ ಡಚ್ಚರ ದೇಶದ ಐಂಡ್‌ಹೋವನ್‌ನಲ್ಲಿದೆ. ಜನ ಹಳೆಯ ನಾಣ್ಯ, ಕೈಗಡಿಯಾರ, ಬೆಳ್ಳಿಯ ಚಮಚಗಳನ್ನು ಹಿಡಿದುಕೊಂಡು ಬರುತ್ತಾರೆ. ಅಸಲಿಯೋ ನಕಲಿಯೋ, ಎಷ್ಟಕ್ಕೆ ಹೋದೀತು ಎಂದು ನಾವು ಬರೆದುಕೊಡುತ್ತೇವೆ. ಕಚೇರಿಯೆಂದರೆ ಇಬ್ಬರೇ, ಯಜಮಾನರು ಮತ್ತು ನಾನು. ಯಜಮಾನರು ಡಚ್ಚರು, ನಾಣ್ಯದ ಮುಖ ನೋಡಿಯೇ ಅದರ ಜಾತಕ ಹೇಳುವವರು. ನನ್ನದು ಯಂತ್ರದ ಕೆಲಸ. ಮೊದಲು ಚಿಪ್ ತಯಾರಿಸುವವರ ಲ್ಯಾಬಿನಲ್ಲಿ ಲೋಹದ ತೆಳುಪದರ ಅಳೆಯುತ್ತಿದ್ದೆ, ಈಗ ಸತ್ತವರ ಮನೆಯ ಚಮಚ ಅಳೆಯುತ್ತೇನೆ. ಅಳತೆ ಮಾತ್ರ ಅದೇ.

ಒಬ್ಬ ಮಗ ನಮಗೆ ಫೋಟೋಗಳನ್ನು ಕಳಿಸಿದ್ದ. ವಯಸ್ಸಿನಲ್ಲಿ ಅವನು ನನಗಿಂತ ಹಿರಿಯ, ಆದರೆ ನನ್ನ ಪಾಲಿಗೆ ಅವನು ಕೊನೆಯವರೆಗೂ ಆ ಮನೆಯ ಮಗನಾಗಿಯೇ ಉಳಿದಿದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ಅವನ ತಾಯಿ ಎಂಬತ್ತು ದಾಟಿದವರು, ಒಬ್ಬರೇ ಇರುವವರು. ಟಿವಿಯ ಮಾರಾಟದ ಚಾನೆಲ್ಲುಗಳನ್ನು ನೋಡಿ ಫೋನಿನಲ್ಲಿ ಹಳೆಯ ಬೆಳ್ಳಿ ನಾಣ್ಯಗಳನ್ನು ತರಿಸಿಕೊಳ್ಳುತ್ತಿದ್ದರು. ಅಮ್ಮನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಎನ್ನುವ ಅರಿವೇ ಉಳಿದಿಲ್ಲ, ಯಾರು ಏನು ಹೇಳಿದರೂ ನಂಬಿಬಿಡುತ್ತಾರೆ ಎಂದು ಮಗ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದ. ಇಲ್ಲಿ ಅದಕ್ಕೆ ಬೆವಿಂಡ್ ಎನ್ನುತ್ತಾರೆ. ನ್ಯಾಯಾಧೀಶರು ಒಪ್ಪಿದರೆ ಆ ಮನುಷ್ಯರ ಬ್ಯಾಂಕಿನ ಖಾತೆ ಬೇರೊಬ್ಬರ ಕೈಗೆ ಹೋಗುತ್ತದೆ. ಆಮೇಲೆ ಒಂದು ಜೊತೆ ಚಪ್ಪಲಿ ಬೇಕಾದರೂ ಕೇಳಿ ಪಡೆಯಬೇಕು.

ನಾಣ್ಯಗಳ ಬಗ್ಗೆ ತಜ್ಞರ ವರದಿಯೊಂದು ಬೇಕು ಎಂದು ಮಗ ಕೇಳಿದಾಗ ತಾಯಿಯೂ ಒಪ್ಪಿದ್ದರು. ಬರಲಿ, ನೋಡಲಿ, ಬರೆಯಲಿ ಎಂದಿದ್ದರಂತೆ. ಇಬ್ಬರಿಗೂ ಆ ವರದಿಯೇ ಆಧಾರ.

ಫೋಟೋದಲ್ಲಿ ಬ್ರಿಟಿಷರ ಕಾಲದ ನಮ್ಮ ಬೆಳ್ಳಿ ರೂಪಾಯಿಗಳಿದ್ದವು, ರಾಣಿಯ ತಲೆಯವು. ಅಕ್ಷರಗಳ ಸಂದಿಯಲ್ಲೆಲ್ಲ ಕೆಂಪಗೆ ಏನೋ ತುಂಬಿಕೊಂಡಿತ್ತು.

"ತುಕ್ಕು," ಅಂದರು ಯಜಮಾನರು. "ಬೆಳ್ಳಿಗೆ ತುಕ್ಕು ಹಿಡಿಯಲ್ಲ. ಹಾಗಾದ್ರೆ ಒಳಗೆ ಕಬ್ಬಿಣ ಇದೆ ಅಂತಾಯ್ತು. ಹೋಗಿ ಅಯಸ್ಕಾಂತ ತಾಗಿಸಿ, ಪಟ್ಟಿ ಮಾಡಿ, ಸೀಲ್ ಹಾಕಿ ತಗೊಂಡು ಬನ್ನಿ. ಅಲ್ಲಿ ಏನೂ ಹೇಳೋಕೆ ಹೋಗ್ಬೇಡಿ."

ಈ ಕೊನೆಯ ವಾಕ್ಯವನ್ನು ಅವರು ಪ್ರತಿ ಸಲವೂ ಹೇಳುತ್ತಾರೆ. ಮನೆಗೆ ಹೋಗಿ ನೋಡುವ ಕೆಲಸದಲ್ಲಿ ಇದೊಂದೇ ಕಟ್ಟುನಿಟ್ಟು. ಜನ ನಮ್ಮ ಮುಖ ನೋಡುತ್ತಾ ಕೂತಿರುತ್ತಾರೆ, ಹುಬ್ಬು ಏರಿಸಿದರೂ ಅದು ಬೆಲೆಯಾಗಿಬಿಡುತ್ತದೆ.

ಶನಿವಾರ ಹೋದೆ, ಮಗ ಬರುವುದು ಶನಿವಾರ ಮಾತ್ರ ಎಂದು. ಬಸ್ಸಿನಲ್ಲಿ ನಾನು ಮತ್ತು ಚಾಲಕ, ಇಬ್ಬರೇ. ಆ ದಿನಗಳಲ್ಲಿ ನನ್ನ ಶನಿವಾರಗಳೆಲ್ಲ ಹೀಗೇ ಇದ್ದವು. ಮದುವೆ ಮುರಿದ ಮೇಲೆ ಐಂಡ್‌ಹೋವನ್‌ನ ಕನ್ನಡದವರ ಮನೆಗಳಿಗೆ ಹೋಗುವುದನ್ನು ಕಡಿಮೆ ಮಾಡಿದ್ದೆ. ಯಾರೂ ಏನೂ ಅಂದಿರಲಿಲ್ಲ. ಹಬ್ಬಕ್ಕೆ ಕರೆಯುತ್ತಿದ್ದರು, ಊಟ ಹಾಕುತ್ತಿದ್ದರು, ಆದರೆ ಮುತ್ತೈದೆಯರಿಗೆಲ್ಲ ಅರಿಶಿನ ಕುಂಕುಮ ಕೊಡುತ್ತಾ ನನ್ನ ಹತ್ತಿರ ಬಂದಾಗ ಬಟ್ಟಲು ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತಿತ್ತು. ಕೊಡುತ್ತಿದ್ದರು, ಕೊಡದೆ ಇರಲಿಲ್ಲ. ಆ ಒಂದು ಕ್ಷಣ ನನಗೆ ಬೇಡವಾಗಿತ್ತು.

ಬಾಗಿಲು ತೆಗೆದದ್ದು ಮಗ. ಎತ್ತರದ ಮನುಷ್ಯ, ಕೈಯಲ್ಲಿ ತಾಯಿಗೆ ಬಂದ ಅಂಚೆಯ ಕಟ್ಟು. ಪ್ರತಿ ಶನಿವಾರ ಬಂದು ಹೊಸ ಬಿಲ್ಲೇನಾದರೂ ಬಂದಿದೆಯೇ ಎಂದು ನೋಡುವುದು ಅವನ ಕ್ರಮ. ತಾಯಿ ಮುಂಭಾಗದ ಕಿಟಕಿಯ ಪಕ್ಕ ಕೂತಿದ್ದರು. ಅವರು ನಿವೃತ್ತ ಭೂಗೋಳದ ಟೀಚರ್. ಸಣ್ಣ ದೇಹ, ಗಟ್ಟಿ ದನಿ. ನನ್ನನ್ನು ನೋಡಿದ್ದೇ ತಡ, "ಭಾರತದಲ್ಲಿ ಎಲ್ಲಿ?" ಅಂದರು.

"ಮೈಸೂರು."

"ದಕ್ಷಿಣ. ಪ್ರಸ್ಥಭೂಮಿ," ಎಂದು ಸರಿಯುತ್ತರ ಕೊಟ್ಟ ಹುಡುಗಿಗೆ ಹೇಳುವಂತೆ ಹೇಳಿ, ಕಾಫಿ ತರಲು ಎದ್ದರು. ಕಾಫಿಯ ಜೊತೆ ತಲೆಗೊಂದು ಬಿಸ್ಕತ್ತು. ಡಬ್ಬಿಯ ಮುಚ್ಚಳ ಮತ್ತೆ ಭದ್ರ.

ಮೇಜಿನ ಮೇಲೆ ನಾಣ್ಯಗಳನ್ನು ಮೂರು ಗುಂಪು ಮಾಡಿದೆ. ಒಂದರಲ್ಲಿ ಹಳೆಯ ಡಚ್ ಗಿಲ್ಡರುಗಳು. ಅವು ಬೆಳ್ಳಿಯವೆಂದು ಅಂಚು ನೋಡಿದರೇ ಗೊತ್ತಾಗುತ್ತಿತ್ತು. ಇನ್ನೊಂದರಲ್ಲಿ ಹಡಗು, ಗಾಳಿಯಂತ್ರಗಳ ಚಿತ್ರವಿರುವ ಪದಕಗಳು. ಅವು ಹೊಳೆಯುವ ತಗಡು, ಅಷ್ಟೇ. ಅವನ್ನೇನೋ ಉಡುಗೊರೆಯೆಂದು ಪುಕ್ಕಟೆ ಕಳಿಸಿದ್ದರಂತೆ. ಮೂರನೆಯದು ರೂಪಾಯಿಗಳು. ಮಗನ ಅರ್ಜಿಯ ಜೀವವೆಲ್ಲ ಈ ಮೂರನೆಯ ಗುಂಪಿನಲ್ಲಿತ್ತು, ಏಕೆಂದರೆ ಇತ್ತೀಚಿನ ದೊಡ್ಡ ಖರೀದಿ ಅದೇ.

ಅಯಸ್ಕಾಂತ ತಾಗಿಸಿದೆ. ಒಂದೂ ಕಚ್ಚಲಿಲ್ಲ. ಕಬ್ಬಿಣವಲ್ಲ. ಭೂತಗನ್ನಡಿಯನ್ನು ಕಣ್ಣಿಗೊತ್ತಿಕೊಂಡು ಒಂದು ರೂಪಾಯಿಯನ್ನು ಬೆಳಕಿಗೆ ಹಿಡಿದೆ. ರಾಣಿಯ ಕಿರೀಟದ ಸಂದಿಯಲ್ಲಿ ಕೆಂಪು. ಅದರ ಪಕ್ಕದಲ್ಲಿ ಒಂದಿಷ್ಟು ಹಳದಿ. ಮೂಗಿನ ಹತ್ತಿರ ತಂದುಕೊಂಡೆ. ಕೆಲಸದಲ್ಲಿ ನಾಣ್ಯ ಮೂಸುವುದು ಯಾರೂ ಕಲಿಸುವ ವಿದ್ಯೆಯಲ್ಲ. ವಾಸನೆ ಬಂತು, ಬಹಳ ತೆಳ್ಳಗೆ. ನಮ್ಮ ಮನೆಯ ದೇವರ ಕೋಣೆಯ ವಾಸನೆ.

"ಇದು ತುಕ್ಕಲ್ಲ," ಅಂದೆ.

"ಮತ್ತೇನು?" ಮಗ ಕೇಳಿದ.

"ನಿಮ್ಮನೇಲಿ ವಿನಿಗರ್ ಇದೆಯಾ?"

ತಾಯಿ ಅಡುಗೆಮನೆಯಿಂದ ಬಾಟಲಿ ತಂದರು. ಹತ್ತಿಯ ಕಡ್ಡಿಯಿಂದ ಒಂದು ತೊಟ್ಟನ್ನು ಕೆಂಪಿನ ಮೇಲಿಟ್ಟೆ. ನೋಡುತ್ತಿದ್ದಂತೆ ಕೆಂಪು ಹಳದಿಯಾಯಿತು. ಕುಂಕುಮವೆಂದರೆ ಅರಿಶಿನವೇ, ಕ್ಷಾರ ಬೆರೆಸಿ ಕೆಂಪು ಮಾಡಿದ್ದು. ಹುಳಿ ತಾಗಿದರೆ ಬಣ್ಣ ಕಳಚಿ ಮತ್ತೆ ಅರಿಶಿನವಾಗುತ್ತದೆ. ತುಕ್ಕು ಹೀಗೆಲ್ಲ ಆಡುವುದಿಲ್ಲ. ನಾನು ಅವರಿಗೆ ಕಳಶ, ಲಕ್ಷ್ಮಿ, ಅದರೊಳಗೆ ಹಾಕುವ ಬೆಳ್ಳಿ ರೂಪಾಯಿ ಎಲ್ಲವನ್ನೂ ನನ್ನ ಹರಕುಮುರುಕು ಡಚ್ಚಿನಲ್ಲಿ ಹೇಳಿದೆ. ಯಾರದೋ ಮನೆಯಲ್ಲಿ ತಲೆತಲಾಂತರದಿಂದ ಪೂಜೆಗಿಟ್ಟ ರೂಪಾಯಿಗಳಿವು, ಹೆಂಗಸರು ವರ್ಷವರ್ಷ ಕುಂಕುಮ ಹಚ್ಚಿದ್ದಾರೆ, ನಮ್ಮ ಮನೆಯಲ್ಲೂ ಇದೆ ಎಂದೆ. ಹೇಳುತ್ತಾ ಹೋದಂತೆ ನನಗೇ ಒಳ್ಳೆಯದೆನಿಸಿತು. ಎಷ್ಟೋ ತಿಂಗಳಿಂದ ಯಾರ ಜೊತೆಯೂ ಇಷ್ಟು ಮಾತಾಡಿರಲಿಲ್ಲ.

"ಹಾಗಾದ್ರೆ ಇವು ಬೆಳ್ಳೀನಾ?" ತಾಯಿ ಕೇಳಿದರು. ದನಿಯಲ್ಲಿ ಸಂತೋಷಕ್ಕಿಂತ ಆಶ್ಚರ್ಯ ಹೆಚ್ಚಿತ್ತು. ನಾನು ಅದನ್ನು ಆಗ ಗಮನಿಸಲಿಲ್ಲ.

"ಬೆಳ್ಳಿ. ಅಸಲಿ," ಅಂದೆ. ಚೀಲದೊಳಗೆ ತಕ್ಕಡಿ ಇತ್ತು. ತೆಗೆಯಲಿಲ್ಲ.

ತಾಯಿ ಮಗನ ಕಡೆ ತಿರುಗಿದರು. "ಕೇಳಿಸ್ತಾ? ಅವರ ದೇಶದವರೇ ಹೇಳ್ತಿದ್ದಾರೆ."

ಮಗ ಅಂಚೆಯ ಕಟ್ಟನ್ನು ಮೇಜಿನ ತುದಿಯಲ್ಲಿಟ್ಟು, ಅಂಚು ಸರಿಮಾಡಿ, ಕಿಟಕಿಯಾಚೆ ನೋಡಿದ. ನಾನು ನಾಣ್ಯಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಕಿಸೆಗೆ ಹಾಕಿ ಸೀಲ್ ಮಾಡಿಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ, ನಮ್ಮ ಮನೆಯವರಿಗೇ ಯಾರಿಗೋ ಸಹಾಯ ಮಾಡಿದ ಹಾಗೆ ಬೀಗುತ್ತಿದ್ದೆ.

ಸೋಮವಾರ ಮೊದಲು ಇಳಿಜಾರು ಹಲಗೆಯ ಪರೀಕ್ಷೆ. ಓರೆಯಾಗಿಟ್ಟ ಹಲಗೆಯ ಕೆಳಗೆ ಬಲವಾದ ಅಯಸ್ಕಾಂತದ ಪಟ್ಟಿ ಇರುತ್ತದೆ. ಬೆಳ್ಳಿಗೆ ಅಯಸ್ಕಾಂತ ಅಂಟುವುದಿಲ್ಲ, ಆದರೆ ಅದರ ಮೇಲೆ ಜಾರುವಾಗ ಬೆಳ್ಳಿಯೊಳಗೆ ವಿದ್ಯುತ್ತು ಸುಳಿದು ನಾಣ್ಯವನ್ನು ಹಿಂದಕ್ಕೆ ಎಳೆಯುತ್ತದೆ. ಅಸಲಿ ಬೆಳ್ಳಿ ಎಣ್ಣೆಯಲ್ಲಿ ಇಳಿದ ಹಾಗೆ ನಿಧಾನವಾಗಿ ಇಳಿಯಬೇಕು. ಗಿಲ್ಡರು ಹಾಗೇ ಇಳಿಯಿತು. ರೂಪಾಯಿ ಸರ್ರನೆ ಜಾರಿ ಮೇಜಿನಿಂದ ಕೆಳಗೆ ಬಿತ್ತು.

ಹಲಗೆ ಒರೆಸಿ ಮತ್ತೆ ಬಿಟ್ಟೆ. ಮತ್ತೆ ಬಿತ್ತು.

ತಕ್ಕಡಿ ತೆಗೆದೆ. ಆ ಕಾಲದ ರೂಪಾಯಿ ಒಂದು ತೊಲ ತೂಗಬೇಕು, ಹನ್ನೊಂದೂಮುಕ್ಕಾಲು ಗ್ರಾಮಿಗೆ ಒಂಚೂರು ಕಡಿಮೆ. ಇದು ಹತ್ತನ್ನೂ ಮುಟ್ಟಲಿಲ್ಲ. ಸವೆದಿರಬಹುದು ಎಂದುಕೊಂಡೆ. ಸವೆದದ್ದಾದರೆ ರಾಣಿಯ ಮೂಗು ಇಷ್ಟು ಚೂಪಾಗಿರುವುದಿಲ್ಲ ಎನ್ನುವುದು ಗೊತ್ತಿದ್ದೂ ಹಾಗೆ ಅಂದುಕೊಂಡೆ. ಆಮೇಲೆ ನೀರಿನ ಪರೀಕ್ಷೆ. ನಾಣ್ಯವನ್ನು ದಾರದಲ್ಲಿ ಕಟ್ಟಿ, ಲೋಟದ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು ತೂಗುವುದು. ಗಾಳಿಯಲ್ಲಿ ತೂಗಿದ್ದನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಲೋಹ ಎಷ್ಟು ದಟ್ಟ ಎನ್ನುವುದು ಸಿಗುತ್ತದೆ. ಈ ಬೆಳ್ಳಿಗೆ ಹತ್ತರ ಮೇಲೆ ಬರಬೇಕು. ಎಂಟೂವರೆ ಬಂತು. ಅದು ಹಿತ್ತಾಳೆಯ ಅಂಕಿ. ಕೊನೆಗೆ ಎಕ್ಸ್-ರೇ ಯಂತ್ರಕ್ಕೆ ಕೊಟ್ಟೆ. ಪರದೆಯ ಗ್ರಾಫಿನಲ್ಲಿ ಬೆಳ್ಳಿಯ ಪುಟ್ಟ ಗುಡ್ಡ, ಅದರ ಪಕ್ಕದಲ್ಲಿ ತಾಮ್ರ ಮತ್ತು ಸತುವಿನ ಎರಡು ದೊಡ್ಡ ಬೆಟ್ಟ. ಹಿತ್ತಾಳೆಯ ಮೇಲೆ ತೆಳ್ಳಗೆ ಬೆಳ್ಳಿ ಬಳಿದಿದ್ದರು. ತೆಳುಪದರ ಅಳೆಯುವುದೇ ನನ್ನ ಕಸುಬು. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಆದರೂ ಕುಂಕುಮ? ಅದು ಮಾತ್ರ ಅಸಲಿ ತಾನೆ? ಸಂಜೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಂದು ರೂಪಾಯಿಯನ್ನು ಕ್ಯಾಮೆರಾಗೆ ಹಿಡಿದೆ.

"ಇದನ್ನ ನೋಡಮ್ಮ. ನಮ್ಮನೆ ಕಳಶದಲ್ಲಿ ಇಡ್ತೀಯಲ್ಲ, ಅಂಥದ್ದೇ ಅಲ್ವಾ?"

"ಹೂಂ ಅದೇ. ಗ್ರಂಥಿಗೆ ಅಂಗಡೀಲಿ ಪೂಜೆ ಸೆಟ್ ಅಂತ ಕೊಡ್ತಾರಲ್ಲ, ಅದರಲ್ಲಿರೋದು. ನೀನ್ಯಾಕೆ ಅಲ್ಲಿ ತಗೊಂಡೆ?"

"ಸೆಟ್ಟಾ? ನಮ್ಮನೇದು ಅಜ್ಜಿ ಕಾಲದ ಬೆಳ್ಳಿದಲ್ವಾ?"

ಅಮ್ಮ ನಗಲು ಶುರುಮಾಡಿದರು. "ಅಜ್ಜೀದು ಬ್ಯಾಂಕ್ ಲಾಕರಲ್ಲಿದೆ ಕಣೇ. ಅದನ್ನ ನೀರಲ್ಲಿ ಮುಳುಗಿಸಿ ಇಡ್ತಾರಾ ಯಾರಾದ್ರೂ? ಕಳಶಕ್ಕೆ ಹಾಕೋದು ಅಂಗಡೀದು. ಬೆಳ್ಳಿ ನೀರು ಕುಡಿಸಿರ್ತಾರೆ ಅಷ್ಟೇ. ಲಕ್ಷ್ಮಿಯೇನು ಒರೆ ಹಚ್ಚಿ ನೋಡ್ತಾಳಾ?"

"ಇದಕ್ಕೆ ಕುಂಕುಮ ಮೆತ್ಕೊಂಡಿದೆಯಲ್ಲ. ಯಾರೋ ಪೂಜೆ ಮಾಡಿದ್ದಲ್ವಾ?"

"ಪೂಜೆ ಮಾಡಿದ ಲಕ್ಷ್ಮೀನ ಯಾರೇ ಮಾರ್ತಾರೆ? ಸೆಟ್ಟಲ್ಲಿ ಅರಿಶಿನ ಕುಂಕುಮದ ಪೊಟ್ಟಣಾನೂ ಜೊತೆಗೇ ಹಾಕಿರ್ತಾರೆ. ಒಡೆದು ಮೆತ್ಕೊಂಡಿರುತ್ತೆ. ಹೋದ ಸಲ ನಮಗೂ ಹಂಗೇ ಆಯ್ತು, ಚೀಲವೆಲ್ಲಾ ಕೆಂಪು." ಮುಖವನ್ನು ಫೋನಿನ ಹತ್ತಿರ ತಂದು ಕೇಳಿದರು, "ಯಾಕೆ ಸಪ್ಪಗಿದ್ದೀಯ? ಊಟ ಆಯ್ತಾ?"

ಆಯಿತು ಎಂದೆ. ಫೋನಿಟ್ಟೆ. ತಲೆತಲಾಂತರದ ಹೆಂಗಸರು, ವರ್ಷವರ್ಷದ ಕುಂಕುಮ, ಅದನ್ನೆಲ್ಲ ನಾನೇ ಕಟ್ಟಿದ್ದು. ಸಾಗಾಣಿಕೆಯಲ್ಲಿ ಒಡೆದ ಒಂದು ಪೊಟ್ಟಣ, ಅಷ್ಟೇ. ಆ ಹೆಂಗಸರಿಲ್ಲದ ಕೋಣೆ ಮೊದಲಿಗಿಂತ ಖಾಲಿ ಅನಿಸಿತು. ನಗಬೇಕಿತ್ತು. ಅಳು ಬಂತು. ಯಜಮಾನರಾಗಲಿ, ಬೇರೆ ಯಾವ ಡಚ್ಚರಾಗಲಿ ಈ ತಪ್ಪು ಮಾಡುತ್ತಿರಲಿಲ್ಲ. ಅವರು ಕೆಂಪನ್ನು ತುಕ್ಕು ಎಂದುಕೊಂಡು ತಕ್ಕಡಿ ತೆಗೆಯುತ್ತಿದ್ದರು. ನಾನು ಕೆಂಪನ್ನು ಗುರುತು ಹಿಡಿದೆ, ಹಿಡಿದದ್ದಕ್ಕೇ ಕೆಟ್ಟೆ.

ಮರುದಿನ ವರದಿಯ ಕರಡು ಬರೆಯುತ್ತಿರುವಾಗ ಮಗ ಫೋನ್ ಮಾಡಿದ. ದನಿ ತಣ್ಣಗಿತ್ತು.

"ನಿಮಗೆ ತಿಳಿಸ್ಬೇಕು ಅನ್ನಿಸ್ತು. ನೀವು ಬಂದುಹೋದ ಮೇಲೆ ಅಮ್ಮ ಅದೇ ರೂಪಾಯಿ ಇನ್ನೊಂದು ಸೆಟ್ ಆರ್ಡರ್ ಮಾಡಿದ್ದಾರೆ. ದೊಡ್ಡದು. ವರದಿ ಯಾವಾಗ ಸಿಗುತ್ತೆ?"

ನಾನು ಫಲಿತಾಂಶವನ್ನು ಹೇಳಿದೆ.

"ನೋಡಿ," ಅಂದ. "ನಾನು ಹೇಳ್ತಿರೋದೂ ಇದೇ. ಟಿವಿಯವನು ಹೇಳಿದ, ನಂಬಿದ್ರು. ನೀವು ಹೇಳಿದ್ರಿ, ನಂಬಿದ್ರು. ನಾಳೆ ಇನ್ಯಾರೋ ಬಾಗಿಲಿಗೆ ಬಂದು ಹೇಳ್ತಾನೆ. ನಾನು ಅಮ್ಮನ ದುಡ್ಡಿನ ಆಸೆಗೆ ಇದನ್ನ ಮಾಡ್ತಿಲ್ಲ. ನನಗೆ ಭಯ ಆಗುತ್ತೆ."

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ತಯಾರಾಗಿಯೇ ಇದ್ದೆ, ಆದರೆ ಆ ಕೊನೆಯ ಮಾತಿಗೆ ಸಿಟ್ಟು ಬರಲಿಲ್ಲ. ಅರ್ಜಿ ಈಗ ಗೆಲ್ಲುವುದು ಖಚಿತವಾಗಿತ್ತು. ಗೆಲ್ಲಿಸಿದ್ದು ನಾನು.

ಫಲಿತಾಂಶವನ್ನು ತಾಯಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಗುರುವಾರ ಮಧ್ಯಾಹ್ನ ನಾಣ್ಯಗಳನ್ನು ಹಿಂತಿರುಗಿಸುವ ನೆಪದಲ್ಲಿ ಹೋದೆ. ಈ ಸಲ ತಕ್ಕಡಿ, ಲೋಟ, ದಾರ ಎಲ್ಲವನ್ನೂ ಮೇಜಿನ ಮೇಲಿಟ್ಟು, ಅವರ ಕಣ್ಣೆದುರೇ ನೀರಿನ ಪರೀಕ್ಷೆ ಮಾಡಿದೆ. ಗಿಲ್ಡರನ್ನು ಒಂದು ಸಲ, ರೂಪಾಯಿಯನ್ನು ಒಂದು ಸಲ. ಅವರು ಕನ್ನಡಕ ಏರಿಸಿಕೊಂಡು ಅಂಕಿಗಳನ್ನು ಓದಿದರು.

"ಹಿತ್ತಾಳೆ, ಮೇಲೆ ಬೆಳ್ಳಿ ಬಳಿದಿದ್ದಾರೆ. ನಾನು ಅವತ್ತು ಪರೀಕ್ಷೆ ಮಾಡದೆ ಹೇಳ್ಬಿಟ್ಟೆ ಮೆವ್ರೌ," ಅಂದೆ. ಹಿರಿಯ ಹೆಂಗಸರನ್ನು ಇಲ್ಲಿ ಹಾಗೇ ಕರೆಯುತ್ತೇವೆ.

ಬೈಗುಳ ಬರುತ್ತದೆ ಎಂದು ಕಾದೆ. ಅವರು ಲೋಟದೊಳಗಿನ ರೂಪಾಯಿಯನ್ನು ದಾರ ಹಿಡಿದು ಮೇಲೆತ್ತಿದರು.

"ಮೊದಲು ನಾನೂ ಹಾಗೇ ಅಂದ್ಕೊಂಡಿದ್ದೆ," ಅಂದರು.

"ಹೇಗೆ?"

"ಬಳಿದದ್ದು ಅಂತ. ಟಿವಿಯವನು ವೆರ್‌ಝಿಲ್ವರ್ಡ್ ಅಂತಲೇ ಹೇಳಿದ್ದ. ಬೇಗ ಬೇಗ ಹೇಳ್ತಾನೆ, ಆದ್ರೆ ಹೇಳ್ತಾನೆ. ವೆರ್‌ಝಿಲ್ವರ್ಡ್ ಅಂದ್ರೆ ಬೆಳ್ಳಿ ಲೇಪ. ಝಿಲ್ವರನ್ ಅಂದ್ರೆ ಬೆಳ್ಳಿದು. ಇಷ್ಟೂ ಗೊತ್ತಾಗದೆ ಇರೋಕೆ ನಾನೇನು ಬೇರೆ ದೇಶದವಳಾ?"

ನಾನು ತಬ್ಬಿಬ್ಬಾದೆ. "ಗೊತ್ತಿದ್ದೂ ತಗೊಂಡ್ರಾ?"

"ಯಾಕೆ ತಗೋಬಾರ್ದು? ನೋಡೋಕೆ ಚೆನ್ನಾಗಿತ್ತು. ಕೆಂಪು ಬಣ್ಣ ಹತ್ಕೊಂಡಿತ್ತು. ಎಲ್ಲಿಂದಲೋ ಬಂದಿದೆ ಅನ್ನಿಸ್ತು. ಪ್ರತಿ ವಾರ ಹೂವು ತರ್ತೀನಿ, ಅದು ಬಾಡುತ್ತೆ. ಅದಕ್ಕೆ ಯಾರೂ ಕೋರ್ಟಿಗೆ ಹೋಗಲ್ಲ." ನಾಣ್ಯವನ್ನು ಕರವಸ್ತ್ರದಲ್ಲಿ ಒರೆಸಿ ಮೇಜಿನ ಮೇಲಿಟ್ಟರು. "ಆಮೇಲೆ ನೀವು ಬಂದು ಬೆಳ್ಳಿ ಅಂದ್ರಿ. ನನಗೆ ಆಶ್ಚರ್ಯ ಆಯ್ತು. ಅಳೆಯೋಕೆ ಅಂತಲೇ ಬಂದವರು, ಅವರ ದೇಶದವರು, ವಾಸನೆ ನೋಡಿ ಹೇಳ್ತಿದ್ದಾರೆ. ಹಾಗಾದ್ರೆ ಟಿವಿಯವರಿಗೇ ಗೊತ್ತಿಲ್ಲ, ಬೆಳ್ಳೀನ ಹಿತ್ತಾಳೆ ರೇಟಿಗೆ ಮಾರ್ತಿದ್ದಾರೆ ಅಂದ್ಕೊಂಡೆ. ಅದಕ್ಕೇ ಇನ್ನೊಂದು ಸೆಟ್ ತರಿಸಿದ್ದು. ಬುದ್ಧಿ ಇರೋರು ಯಾರಾದ್ರೂ ತರಿಸ್ತಿದ್ರು."

"ಮಗನಿಗೆ ಇದನ್ನ ಹೇಳ್ಲಿಲ್ವಾ?"

"ಅವನು ಕೇಳ್ಲಿಲ್ಲ. ಬಿಲ್ ನೋಡ್ತಾನೆ, ತಲೆ ಅಲ್ಲಾಡಿಸ್ತಾನೆ." ಕನ್ನಡಕ ಇಳಿಸಿ ಅಂದರು, "ನೀವೂ ಕೇಳ್ಲಿಲ್ಲ. ಲಕ್ಷ್ಮಿ ವಿಷಯ ಚೆನ್ನಾಗಿ ಹೇಳಿದ್ರಿ ಮಾತ್ರ."

ಎರಡನೇ ಸೆಟ್ಟು ಆಗಲೇ ಮನೆಗೆ ಬಂದಿತ್ತು, ವಾಪಸು ಕಳಿಸಲು ಇನ್ನೂ ಅವಧಿ ಇತ್ತು. ಅವರೇ ಆ ಮಧ್ಯಾಹ್ನ ಚಾನೆಲ್ಲಿಗೆ ಫೋನ್ ಮಾಡಿ, ಗಟ್ಟಿ ದನಿಯಲ್ಲಿ, ಬೇಡ ಎಂದರು. ನಾನು ಪೆಟ್ಟಿಗೆಗೆ ಟೇಪು ಸುತ್ತಿಕೊಟ್ಟೆ.

ಕಚೇರಿಗೆ ಬಂದು ಚಾನೆಲ್ಲಿನ ಜಾಲತಾಣದಲ್ಲಿ ಹಳೆಯ ಪ್ರಸಾರವನ್ನು ಹುಡುಕಿ ನೋಡಿದೆ. ಅವರ ಮಾತನ್ನು ನಂಬದೆ ಅಲ್ಲ, ಈ ಸಲ ಪರೀಕ್ಷಿಸದೆ ಏನನ್ನೂ ಬರೆಯುವುದಿಲ್ಲ ಎಂದು. ಅಂಗಿಯ ತೋಳು ಮಡಚಿದ ಮಾರಾಟಗಾರ ರೂಪಾಯಿಯನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಾ, ಪೂರ್ವದ ಮನೆಗಳು, ರಾಣಿಯರು, ಸಂತೆಗಳು ಎಂದೆಲ್ಲ ಹೇಳುತ್ತಾ ಒಂದು ಕಡೆ ಉಸಿರು ತೆಗೆದುಕೊಳ್ಳುವ ಮೊದಲು ಹೇಳಿಯೇ ಹೇಳಿದ. ವೆರ್‌ಝಿಲ್ವರ್ಡ್. ನಾನಾಗಿದ್ದರೆ ಅದನ್ನು ಬೆಳ್ಳಿಯದು ಎಂದೇ ಕೇಳಿಸಿಕೊಳ್ಳುತ್ತಿದ್ದೆ.

ವರದಿಯ ಮೊದಲ ಭಾಗ ಸುಲಭ. ಗಿಲ್ಡರುಗಳು ಬೆಳ್ಳಿ, ಪದಕಗಳು ಅಲ್ಲ, ರೂಪಾಯಿಗಳು ಹಿತ್ತಾಳೆಯ ಮೇಲೆ ಬೆಳ್ಳಿಯ ಲೇಪ, ಸಂಗ್ರಾಹಕರ ಬೆಲೆ ಇಲ್ಲ. ಯಜಮಾನರು ಸಾಕು ಎಂದರು. ನಾನು ಇನ್ನೊಂದು ಭಾಗ ಸೇರಿಸಿದ್ದೆ. ಮೌಲ್ಯಮಾಪಕಿಯು ಮೊದಲ ಭೇಟಿಯಲ್ಲಿ ಯಾವ ಅಳತೆಯನ್ನೂ ಮಾಡದೆ ರೂಪಾಯಿಗಳು ಬೆಳ್ಳಿಯವೆಂದು ಮಾಲೀಕರಿಗೆ ಹೇಳಿದ್ದಳು. ಎರಡನೆಯ ಖರೀದಿ ಆ ಮಾತನ್ನು ನಂಬಿ ಆದದ್ದು, ಪರೀಕ್ಷೆಯ ಫಲ ತಿಳಿದ ದಿನವೇ ಮಾಲೀಕರು ಅದನ್ನು ತಾವೇ ರದ್ದು ಮಾಡಿದ್ದಾರೆ. ಮೊದಲ ಖರೀದಿಯ ಹೊತ್ತಿಗೆ ಅವು ಲೇಪಿತವೆಂದು ಮಾಲೀಕರಿಗೆ ತಿಳಿದಿತ್ತು, ಪ್ರಸಾರದಲ್ಲೂ ಹಾಗೆಂದೇ ಹೇಳಲಾಗಿದೆ.

"ಇದು ಬೇಡ," ಅಂದರು ಯಜಮಾನರು. "ನಮ್ಮನ್ನ ಕೇಳಿದ್ದು ಲೋಹ ಯಾವುದು ಅಂತ. ಅಷ್ಟೇ ಬರೀರಿ."

"ನ್ಯಾಯಾಧೀಶರು ಕೇಳೋದು ಲೋಹ ಅಲ್ಲವಲ್ಲ. ಆಯಮ್ಮನಿಗೆ ಏನು ಕೊಳ್ತಿದ್ದೀನಿ ಅಂತ ಗೊತ್ತಿತ್ತಾ ಅಂತ."

"ಅದು ನಮ್ಮ ಕೆಲಸ ಅಲ್ಲ."

"ಅಳೆಯದೆ ಹೇಳಿದ್ದು ನಮ್ಮ ಕೆಲಸಾನೇ. ಅದು ಬರೀದಿದ್ರೆ ಎರಡನೇ ಸೆಟ್ಟು ಅವರ ತಲೆ ಮೇಲೆ ಬೀಳುತ್ತೆ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕೆಟ್ಟ ಮನುಷ್ಯರಲ್ಲ. "ಮೌಲ್ಯಮಾಪಕರೇ ನಾನು ತಪ್ಪು ಹೇಳ್ದೆ ಅಂತ ಬರೆದುಕೊಟ್ರೆ, ಇನ್ಮೇಲೆ ನಮ್ಮ ವರದೀನ ಯಾರು ನಂಬ್ತಾರೆ? ನೀವು ಬರೆಯೋದಾದ್ರೆ ನನ್ನ ಸಹಿ ಇರಲ್ಲ. ನಿಮ್ಮದು ಒಂದೇ."

ಆ ಸಂಜೆ ಅವರು ಹೋದ ಮೇಲೆ ವರದಿಯನ್ನು ಮುಂದಿಟ್ಟುಕೊಂಡು ಕೂತೆ. ಈ ಊರಿನಲ್ಲಿ ನನಗೆ ಉಳಿದದ್ದು ಈ ಕೆಲಸ ಒಂದೇ. ಇದು ಹೋದರೆ ಬೆಳಿಗ್ಗೆ ಎದ್ದು ಯಾರಿಗೂ ಗುಡ್ ಮಾರ್ನಿಂಗ್ ಹೇಳಬೇಕಾಗಿಲ್ಲ. ಭಯವಾಯಿತು, ನಿಜ. ಆದರೆ ಚಪ್ಪಲಿಗೂ ಮಗನನ್ನು ಕೇಳಬೇಕಾದ ಆ ಗಟ್ಟಿ ದನಿಯನ್ನು ಕಲ್ಪಿಸಿಕೊಂಡಾಗ ಅದಕ್ಕಿಂತ ಹೆಚ್ಚು ಸಂಕಟವಾಯಿತು. ಎರಡನೆಯ ಸಹಿಯ ಜಾಗ ಖಾಲಿ ಬಿಟ್ಟು, ನನ್ನದನ್ನು ಹಾಕಿ ಕಳಿಸಿದೆ.

ಕೆಲಸ ಹೋಗಲಿಲ್ಲ. ಆದರೆ ಅಂದಿನಿಂದ ಮನೆಗಳಿಗೆ ಹೋಗುವ ಕೆಲಸವನ್ನು ಯಜಮಾನರು ತಾವೇ ಇಟ್ಟುಕೊಂಡರು. ನಾನು ಹಿಂದಿನ ಕೋಣೆಯಲ್ಲಿ ಯಂತ್ರದೊಡನೆ ಉಳಿದೆ. ನಾಣ್ಯಗಳು ಕಿಸೆಯಲ್ಲಿ ಬರುತ್ತವೆ, ಅಂಕಿಗಳಾಗಿ ಹೋಗುತ್ತವೆ, ಯಾರ ಮುಖವೂ ಕಾಣುವುದಿಲ್ಲ.

ವಿಚಾರಣೆಗೆ ನನ್ನನ್ನು ಕರೆಯಲಿಲ್ಲ. ತೀರ್ಪು ಬಂದದ್ದು ತಾಯಿಯ ಫೋನಿನಿಂದ ತಿಳಿಯಿತು. ಮಗನ ಅರ್ಜಿ ವಜಾ ಆಗಿತ್ತು. ನ್ಯಾಯಾಧೀಶರು ಪ್ರಸಾರದ ವಿಷಯ ಕೇಳಿದರಂತೆ, ಎರಡು ಪದಗಳ ವ್ಯತ್ಯಾಸವನ್ನು ಇವರು ಅಲ್ಲಿಯೂ ಪಾಠ ಮಾಡಿದರಂತೆ. "ಗುರುವಾರ ಕಾಫಿಗೆ ಬನ್ನಿ. ಕಚೇರಿಯಿಂದಲ್ಲ, ನೀವಾಗಿ," ಅಂದರು.

ಮಧ್ಯಾಹ್ನ ರಜೆ ಹಾಕಿ, ಕೇಕು ಕಟ್ಟಿಸಿಕೊಂಡು ಹೋದೆ. ಗೆದ್ದವರ ಮನೆಯೆಂದು ಹೋದೆ. ಹೂದಾನಿಯಲ್ಲಿ ತಾಜಾ ಹೂವಿತ್ತು, ಮೇಜಿನ ಮೇಲೆ ಬಿಚ್ಚದ ಅಂಚೆ ರಾಶಿಬಿದ್ದಿತ್ತು.

"ಮಗ ಹೇಗಿದ್ದಾನೆ?" ಕೇಳಿದೆ.

"ಚೆನ್ನಾಗಿರಬೇಕು. ಫೋನಲ್ಲಿ ಕೋಪವೇನಿಲ್ಲ. ನೀನು ಗೆದ್ದೆ ಅಮ್ಮ, ಇನ್ಮೇಲೆ ನಿನ್ನ ವ್ಯವಹಾರ ನಿನ್ನದು ಅಂದ." ಕಾಫಿ ಬಗ್ಗಿಸಿದರು. "ಆಮೇಲೆ ಬಂದಿಲ್ಲ. ಯಾಕೆ ಬರ್ಬೇಕು ಹೇಳಿ? ಶನಿವಾರ ಬರ್ತಿದ್ದದ್ದು ಬಿಲ್ ನೋಡೋಕೆ. ಈಗ ನೋಡೋಕೆ ಏನಿದೆ?"

ನಾನು ಸಹಿ ಹಾಕಿದ್ದು ಅವರ ಖಾತೆ ಅವರ ಕೈಯಲ್ಲೇ ಇರಲಿ ಎಂದು. ಅದು ಇತ್ತು. ಕೇಕು ಕತ್ತರಿಸಿ ತಟ್ಟೆಗೆ ಹಾಕಿದೆ.

ಅವರು ಟಿವಿ ಹಾಕಿದರು. ನಾಣ್ಯಗಳ ಹೊತ್ತು. ಅದೇ ತೋಳು ಮಡಚಿದ ಮನುಷ್ಯ, ಈ ಸಲ ಯಾವುದೋ ಆಸ್ಟ್ರಿಯಾದ ರಾಜರನ್ನು ತಿರುಗಿಸುತ್ತಿದ್ದ. ಸ್ವಲ್ಪ ಹೊತ್ತು ಇಬ್ಬರೂ ನೋಡಿದೆವು. "ಇದು ಝಿಲ್ವರನ್ ಅಂದ, ಕೇಳಿಸ್ಕೊಂಡ್ರಾ?" ಎಂದು ನನಗೆ ಪರೀಕ್ಷೆಯನ್ನೂ ಮಾಡಿದರು. ಆಮೇಲೆ ಫೋನು ಕೈಗೆತ್ತಿಕೊಂಡರು. ಆರ್ಡರ್ ಮಾಡುತ್ತಾರೆ ಎಂದುಕೊಂಡು ನಾನು ಮುಖ ಬೇರೆ ಕಡೆ ತಿರುಗಿಸಿದೆ. ಅವರ ದುಡ್ಡು, ಅವರ ಇಷ್ಟ.

"ನಾನು ಕಣೋ," ಅಂದರು ಫೋನಿನಲ್ಲಿ. "ಏನಿಲ್ಲ, ಸುಮ್ನೆ. ಮತ್ತೆ ತರಿಸಿದೆ ಅಂತ ಹೇಳೋಣ ಅಂತ. ಹೂಂ, ಟಿವೀಲೇ. ಆಸ್ಟ್ರಿಯಾದ್ದು. ದೊಡ್ಡ ಸೆಟ್ಟು. ಎಷ್ಟೂಂತ ಆಮೇಲೆ ಹೇಳ್ತೀನಿ." ಆ ಕಡೆಯಿಂದ ಗಂಡಸಿನ ದನಿ ಏರುವುದು ನನಗೂ ಕೇಳಿಸಿತು. ಅವರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಪೂರ್ತಿ ಕೇಳಿಸಿಕೊಂಡು, ಆಯ್ತಪ್ಪ ಎಂದು ಇಟ್ಟರು.

"ನೀವು ಏನೂ ತರಿಸ್ಲಿಲ್ಲವಲ್ಲ," ಅಂದೆ.

"ಇಲ್ಲ."

"ಮೆವ್ರೌ, ಅವನು ಮತ್ತೆ ಕೋರ್ಟಿಗೆ ಹೋದ್ರೆ?"

"ಹೋಗ್ಲಿ ಬಿಡಿ." ಟಿವಿಯ ಸದ್ದು ಕಡಿಮೆ ಮಾಡಿ ಎದ್ದರು. "ಅದಕ್ಕೆ ಮುಂಚೆ ಶನಿವಾರ ಬರ್ತಾನಲ್ಲ. ಬಟಾಣಿ ಸೂಪು ಅಂದ್ರೆ ಅವನಿಗೆ ಇಷ್ಟ. ನಾಳೆನೇ ಮಾಡಿಡಬೇಕು, ಹಳೇದಾದಷ್ಟೂ ರುಚಿ."